ಗೆದ್ದವರು ಬರೆದ ಮೈಸೂರು ಚರಿತ್ರೆ

ಚರಿತ್ರೆಕಾರನು ಯಾರ ಅನ್ನ ಉಂಡು, ಯಾವ ಪೀಠದ ಮೇಲೆ ಕುಳಿತು ಬರೆದನೆಂಬುದನ್ನು ವಿಚಾರಿಸದೆ ಅವನ ಮಾತಿಗೆ ತಲೆದೂಗುವುದು ಅಪಾಯಕರ. ಮೈಸೂರು ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ ಬುಕನನ್ ನಾಡಿನ ಬೆಳೆ, ಕಸುಬು, ಕಂದಾಯಗಳನ್ನು ಬರೆದುಕೊಳ್ಳುತ್ತ ಹೊರಟ. ಮೆಕೆಂಜಿ ಮೋಜಣಿಗೆ ತೊಡಗಿದ. ಗೆದ್ದ ನಾಡಿನ ಲೆಕ್ಕ ಕಂಪನಿಗೆ ಬೇಕಾಗಿತ್ತು. ಲೆಕ್ಕದ ಬೆನ್ನಿಗೇ ಚರಿತ್ರೆಯೂ ಬಂದಿತು. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರೊಳಗೆ ಅದನ್ನು ಮೂರು ಸಂಪುಟಗಳಲ್ಲಿ ಹೊರತಂದ.

ವಿಲ್ಕ್ಸ್ ಬರಿಯ ಸುಳ್ಳುಗಾರನೆಂದು ನಾವು ಹೇಳುವುದಿಲ್ಲ. ಆತ ಶ್ರಮಪಟ್ಟು ದೇಶಭಾಷೆಯ ಕಡತಗಳನ್ನು ಸಂಗ್ರಹಿಸಿದ. ಭೂಮಿಯೆಲ್ಲ ಅರಸನದೆಂಬ ವಾದವನ್ನು ಎದುರಿಸಿ, ಭೂಮಿಯಲ್ಲಿ ಪ್ರಜೆಗಳಿಗೆ ಹಿಂದಿನಿಂದಲೂ ಒಡೆತನವಿತ್ತೆಂದು ವಾದಿಸಿದ. ಆದರೆ ಟಿಪ್ಪುವಿನ ಪ್ರಸ್ತಾಪ ಬಂದೊಡನೆ ಲೇಖನಿ ಹಿಡಿದವನು ಕಂಪನಿಯ ಸೇನಾಧಿಕಾರಿ. ಕೊಡಗು, ಮಲಬಾರುಗಳಲ್ಲಿ ಟಿಪ್ಪುವಿನ ದಂಡು ನಡೆಸಿದ ಕ್ರೌರ್ಯವನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಆದರೆ ಸೋತವನು ಎಷ್ಟು ಕ್ರೂರಿಯೋ ಗೆದ್ದವನು ಅಷ್ಟೇ ಧರ್ಮಿಷ್ಠನೆಂಬ ತರ್ಕ ಎಂಥದು? 1792ರಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೇಳಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವರ ಧರ್ಮವನ್ನು ಅಳೆಯುವವರು ಯಾರು?

1830ರ ನಗರ ದಂಗೆಯ ಕಥೆಯೂ ಹೀಗೆಯೇ. ಅರಸರ ದುರಾಡಳಿತದಿಂದ ಜನ ದಂಗೆಯೆದ್ದರು, ಆದ್ದರಿಂದ 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡರು ಎಂದು ಓದಿದ್ದೇವೆ. ದುರಾಡಳಿತ ಸುಳ್ಳಲ್ಲ. ಗೊತ್ತುಮಾಡಿದಷ್ಟು ಕಂದಾಯ ಕಟ್ಟಿಸುವ ಶರತ್ತಿನ ಮೇಲೆ ಅಮಲ್ದಾರರನ್ನು ಬಿಟ್ಟು ರೈತರನ್ನು ಹಿಂಡಿದ್ದೂ ಸುಳ್ಳಲ್ಲ. ಆದರೆ 1799ರ ಒಪ್ಪಂದದ ಮೇರೆಗೆ ಕಂಪನಿಗೆ ವರ್ಷಂಪ್ರತಿ ಸಲ್ಲಬೇಕಾಗಿದ್ದ 7 ಲಕ್ಷ ವರಹ ಯಾರ ಹೊಲದಿಂದ ಬರುತ್ತಿತ್ತು? ಅರಸ ಹಿಂಡಿದ್ದು ದುರಾಡಳಿತವಾದರೆ, ಹಿಂಡಿದ್ದರಲ್ಲಿ ಪಾಲು ಪಡೆದದ್ದಕ್ಕೆ ಏನು ಹೆಸರು? ಊರೂರಿನಲ್ಲಿ ಕೂಟ ಕಟ್ಟಿ ನಿಂತ ರೈತರು ಸರ್ಕಾರಿ ಬರಹದಲ್ಲಿ ಕೇವಲ ದಂಗೆಕೋರರಾದರು.

ಸ್ವಾತಂತ್ರ್ಯ ಬಂದ ಮೇಲೆ ಅನೇಕರು ಮಾಡಿದ್ದು ಇಷ್ಟೆ: ವಿಲ್ಕ್ಸ್ ಖಳನೆಂದವನನ್ನು ವೀರನೆಂದರು, ಇನ್ನು ಕೆಲವರು ವಿಲ್ಕ್ಸನ ಮಾತನ್ನೇ ಇಂದಿನ ಮತೀಯ ಜಗಳಕ್ಕೆ ಎತ್ತಿಕೊಂಡರು. ಇಬ್ಬರ ಪುಸ್ತಕದಲ್ಲಿಯೂ ಸಿಂಹಾಸನವುಂಟು, ನೇಗಿಲಿಲ್ಲ. ಪರಕೀಯರು ಹೋದರೂ ಅವರು ಹಾಕಿದ ಪ್ರಶ್ನೆಗಳು ಹೋಗಿಲ್ಲ.

ಹಳೆಯ ಶಾನುಭೋಗರ ಮನೆಗಳ ಅಟ್ಟದಲ್ಲಿ ಕಡತಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಊರಿನ ಉಪಾಧ್ಯಾಯರೂ ತರುಣರೂ ಅವನ್ನು ಇಳಿಸಿ, ಧೂಳು ಕೊಡವಿ, ಓದಲಿ. ಕಂದಾಯ ಕೊಟ್ಟವನ ಚರಿತ್ರೆಯನ್ನು ಕಂದಾಯ ವಸೂಲು ಮಾಡಿದವನಿಂದ ನಿರೀಕ್ಷಿಸುವುದು ಇನ್ನು ಸಾಕು.