ಮಾರಾಟಕ್ಕಿಲ್ಲದ ಆಟಗಾರ

ವರ್ಗಾವಣೆಯ ಆಜ್ಞೆ ಬಂದ ದಿನ ಮನೆಯಲ್ಲಿ ಏಳುವ ತಳಮಳವನ್ನು ವಾಚಕರಲ್ಲಿ ಅನೇಕರು ಬಲ್ಲರು. ಮಕ್ಕಳ ಶಾಲೆ, ಒಗ್ಗಿಹೋದ ಬಾಡಿಗೆಯ ಮನೆ, ವೃದ್ಧರಾದ ತಾಯಿತಂದೆಗಳು, ಹತ್ತಾರು ವರ್ಷಗಳ ನೆರೆಹೊರೆ, ಇವೆಲ್ಲವನ್ನೂ ಒಂದು ಕಾಗದದ ಹಾಳೆ ಅಲುಗಿಸಿಬಿಡುತ್ತದೆ. ಆದರೂ ಅಲ್ಲೊಂದು ಬಾಗಿಲು ತೆರೆದೇ ಇರುತ್ತದೆ. ತೀರ ಸಹಿಸಲಾಗದಿದ್ದರೆ ರಾಜೀನಾಮೆ ಕೊಟ್ಟು, ಅದೇ ಊರಿನಲ್ಲಿ ಅದೇ ಬಗೆಯ ಕೆಲಸವನ್ನು ಇನ್ನೊಬ್ಬರಲ್ಲಿ ಹುಡುಕಿಕೊಳ್ಳಬಹುದು. ಆ ಬಾಗಿಲೂ ಮುಚ್ಚಿದ್ದರೆ? ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಎಂಬಾತನು 1969ರಲ್ಲಿ ಎದುರಿಸಬೇಕಾಗಿ ಬಂದ ಪ್ರಶ್ನೆ ಇದೇ. ಅದಕ್ಕೆ ಉತ್ತರ ಕೇಳಲು ಹೋಗಿ ಆತನು ತನ್ನ ಆಟವನ್ನೇ ಕಳೆದುಕೊಂಡನು.

ಕ್ರಿಕೆಟ್ಟನ್ನು ಬಲ್ಲವರಿಗೆ ಬೇಸ್‌ಬಾಲಿನ ಅಂಗಳವನ್ನು ಕಣ್ಣಿಗೆ ಕಟ್ಟಿಸುವುದು ಕಷ್ಟವೇನಲ್ಲ. ಅಲ್ಲಿ ದಾಂಡಿಗನು ಮೈದಾನದ ನಡುವೆ ನಿಲ್ಲದೆ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ. ಅವನೆದುರಿಗೆ ಅಂಗಳವು ಬಿಚ್ಚಿದ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ಬೀಸಣಿಗೆಯ ಹೊರ ಅಂಚಿನ ಹುಲ್ಲನ್ನು ಕಾಯುವ ಮೂವರಿಗೆ ಔಟ್‌ಫೀಲ್ಡರುಗಳೆಂದು ಹೆಸರು. ಮೂವರಲ್ಲಿ ನಡುವಿನವನ ಪಾಲಿಗೆ ಬರುವ ಬಯಲು ಎಲ್ಲಕ್ಕಿಂತ ದೊಡ್ಡದು. ದಾಂಡು ತಗುಲಿದ ಕ್ಷಣದಲ್ಲಿಯೇ ಚೆಂಡು ಎಲ್ಲಿ ಇಳಿಯುವುದೆಂದು ಎಣಿಸಿ, ಅದಕ್ಕೆ ಬೆನ್ನು ಹಾಕಿ ಓಡಿ, ನೆಲ ಮುಟ್ಟುವ ಮುನ್ನ ಅದನ್ನು ಕೈಗವಸಿನಲ್ಲಿ ಹಿಡಿಯಬೇಕು. ಈ ನಡುವಣ ಸ್ಥಾನದಲ್ಲಿ ಫ್ಲಡ್ಡನು ಅದ್ವಿತೀಯನೆನಿಸಿದ್ದನು. 1963ರಿಂದ 1969ರವರೆಗೆ ಏಳು ವರ್ಷಗಳೂ ಕ್ಷೇತ್ರರಕ್ಷಣೆಗಾಗಿ ಕೊಡುವ ಸ್ವರ್ಣ ಕೈಗವಸು ಆತನದಾಯಿತು. 1966ರ ಇಡೀ ಋತುವಿನಲ್ಲಿ ಆತನ ಕೈಯಿಂದ ಒಂದೇ ಒಂದು ತಪ್ಪು ನಡೆಯಲಿಲ್ಲ. ತಪ್ಪಿಲ್ಲದ ಪಂದ್ಯಗಳ ಸಾಲು 226ರವರೆಗೆ ಬೆಳೆಯಿತು.

1938ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಫ್ಲಡ್ಡನು ಬೆಳೆದದ್ದು ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ. ಕಪ್ಪು ಜನಾಂಗದವನಾದರೂ ವರ್ಣಭೇದದ ಪೂರ್ಣಸ್ವರೂಪವನ್ನು ಆತನು ಕಂಡದ್ದು 1956ರಲ್ಲಿ ಸಿನ್ಸಿನಾಟಿ ತಂಡವನ್ನು ಸೇರಿ, ಕಲಿಕೆಗೆಂದು ದಕ್ಷಿಣದ ಸಣ್ಣ ಊರುಗಳಿಗೆ ಹೋದಾಗಲೇ. ಜೊತೆಯ ಆಟಗಾರರು ಊಟದ ಮನೆಯೊಳಗೆ ಕುಳಿತಿದ್ದರೆ ಈತನಿಗೆ ಹಿಂಬಾಗಿಲಿನಲ್ಲಿ ಊಟ. ಆತನೇ ಬರೆದಿರುವ ಪ್ರಸಂಗವೊಂದುಂಟು. ಒಂದೇ ದಿನ ಎರಡು ಪಂದ್ಯಗಳಿದ್ದಾಗ, ಮೊದಲನೆಯದು ಮುಗಿದ ಮೇಲೆ ಆತನು ಬೆವರಿನ ಉಡುಪನ್ನು ಬಿಚ್ಚಿ ಉಳಿದವರ ಉಡುಪುಗಳ ರಾಶಿಗೆ ಹಾಕಿದನು. ಅಲ್ಲಿನ ಆಳು ಗಾಬರಿಗೊಂಡು, ಉದ್ದವಾದ ಕೋಲಿನ ತುದಿಯಿಂದ ಅದನ್ನು ಎತ್ತಿ ಬೇರೆಯಾಗಿ ಇರಿಸಿದನು. ಕಪ್ಪು ಜನರ ಬಟ್ಟೆ ಒಗೆಯುವವನಲ್ಲಿಗೆ ಹೋಗಿ ಅದು ಹಿಂದಿರುಗುವವರೆಗೆ ಹದಿಹರೆಯದ ಹುಡುಗನು ಮೈಮೇಲೆ ಬಟ್ಟೆಯಿಲ್ಲದೆ ಕಾಯುತ್ತ ಕುಳಿತಿರಬೇಕಾಯಿತು. ಮುಂದೆ ಆತನು ನ್ಯಾಯಾಲಯದ ಮೆಟ್ಟಿಲು ಹತ್ತಿದುದನ್ನು ಹಣದ ಆಸೆಯೆಂದು ಆಡಿಕೊಂಡವರು ಈ ಒಂದು ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1957ರ ಕೊನೆಗೆ ಸಿನ್ಸಿನಾಟಿಯವರು ಆತನನ್ನು ಸೇಂಟ್ ಲೂಯಿಸಿನ ಕಾರ್ಡಿನಲ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಅಲ್ಲಿ ಆತನು ಹನ್ನೆರಡು ವರ್ಷ ಆಡಿದನು. 1964 ಮತ್ತು 1967ರಲ್ಲಿ ತಂಡವು ವರ್ಲ್ಡ್ ಸೀರೀಸ್ ಗೆದ್ದಿತು. 1968ರಲ್ಲಿ ಮಾತ್ರ ವಿಧಿ ಮುಖ ತಿರುಗಿಸಿತು. ಡೆಟ್ರಾಯಿಟಿನ ವಿರುದ್ಧ ನಿರ್ಣಾಯಕವಾದ ಏಳನೆಯ ಪಂದ್ಯದಲ್ಲಿ, ಎರಡೂ ಕಡೆ ಓಟವಿಲ್ಲದಿದ್ದಾಗ, ನಾರ್ತ್ರಪ್ ಎಂಬುವನು ಹೊಡೆದ ಚೆಂಡು ನೇರವಾಗಿ ಈತನ ಕಡೆಗೆ ಬಂದಿತು. ಫ್ಲಡ್ಡನು ಎರಡು ಹೆಜ್ಜೆ ಮುಂದೆ ಬಂದು, ತಪ್ಪನ್ನರಿತು ಹಿಂದಕ್ಕೆ ತಿರುಗುವಷ್ಟರಲ್ಲಿ ಕಾಲು ಜಾರಿತು. ಚೆಂಡು ತಲೆಯ ಮೇಲಿಂದ ಹಾರಿಹೋಯಿತು. ಪ್ರಶಸ್ತಿಯೂ ಹೋಯಿತು. ತಪ್ಪು ತನ್ನದೆಂದು ಆತನು ಅಂದೇ ಒಪ್ಪಿಕೊಂಡನು.

ಮರುವರ್ಷ ಆತನ ಸಂಬಳ 90,000 ಡಾಲರು. ಸಾಧಾರಣ ಅಮೆರಿಕನ್ ಕುಟುಂಬದ ವರ್ಷದ ಆದಾಯ ಹತ್ತು ಸಾವಿರವನ್ನು ಮುಟ್ಟದಿದ್ದ ಕಾಲವದು. ಆದರೆ 1969ರ ಅಕ್ಟೋಬರಿನಲ್ಲಿ ಒಂದು ಬೆಳಗಿನ ದೂರವಾಣಿ ಕರೆ, ಆತನನ್ನು ಫಿಲಡೆಲ್ಫಿಯ ತಂಡಕ್ಕೆ ಕೊಡಲಾಗಿದೆಯೆಂದು ತಿಳಿಸಿತು. ಎರಡು ತಂಡಗಳ ನಡುವೆ ಒಟ್ಟು ಏಳು ಮಂದಿಯ ವಿನಿಮಯ; ಹೋಗುವೆಯಾ ಎಂದು ಕೇಳಿದವರಿಲ್ಲ.

ಇದಕ್ಕೆ ಆಧಾರವಾಗಿದ್ದುದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಮೀಸಲು ಷರತ್ತು. ಕರಾರಿನ ಅವಧಿ ತೀರಿದರೂ ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವ ಹಕ್ಕು ಮಾಲೀಕನದು. ಮುಂದುವರಿದ ಕರಾರಿನಲ್ಲಿಯೂ ಅದೇ ಷರತ್ತು ಇರುವುದರಿಂದ ಆ ಒಂದು ವರ್ಷಕ್ಕೆ ಕೊನೆಯೆಂಬುದೇ ಇರಲಿಲ್ಲ. ಉಳಿದ ತಂಡಗಳು ಅಂಥ ಆಟಗಾರನನ್ನು ಮುಟ್ಟುವಂತಿರಲಿಲ್ಲ. ಹೇಳಿದ ತಂಡಕ್ಕೆ ಆಡು, ಇಲ್ಲವೆ ಆಟವನ್ನೇ ಬಿಡು. ಇಂಥ ಒಳಒಪ್ಪಂದವನ್ನು ಏಕಸ್ವಾಮ್ಯ ವಿರೋಧಿ ಕಾನೂನು ಬೇರೆ ಉದ್ಯಮಗಳಲ್ಲಿ ಒಪ್ಪುತ್ತಿರಲಿಲ್ಲ. ಆದರೆ 1922ರಲ್ಲಿ ಸುಪ್ರೀಂ ಕೋರ್ಟು, ಬೇಸ್‌ಬಾಲು ಆ ಕಾನೂನಿಗೆ ಒಳಪಡುವ ಅಂತರರಾಜ್ಯ ವಾಣಿಜ್ಯವಲ್ಲವೆಂದು ತೀರ್ಪಿತ್ತಿತ್ತು. ಆಮೇಲೆ ಅದೇ ನ್ಯಾಯಾಲಯವು ಮುಷ್ಟಿಯುದ್ಧಕ್ಕೂ ಫುಟ್‌ಬಾಲಿಗೂ ಕಾನೂನು ಅನ್ವಯಿಸುತ್ತದೆಯೆಂದಿತು. ಬೇಸ್‌ಬಾಲೊಂದೇ ಮಡಿಯಾಗಿ ಉಳಿಯಿತು.

ಫ್ಲಡ್ಡನು ಆಟಗಾರರ ಸಂಘದ ಮಾರ್ವಿನ್ ಮಿಲ್ಲರನ ಬಳಿಗೆ ಹೋದನು. ಮಿಲ್ಲರನು ಹುರಿದುಂಬಿಸಲಿಲ್ಲ, ಬದಲಾಗಿ ಎಚ್ಚರಿಸಿದನು. ಮೊಕದ್ದಮೆ ಸೋಲುವುದೇ ಹೆಚ್ಚು ಸಂಭವ. ಗೆದ್ದರೂ ನಿನಗೆ ಫಲವಿಲ್ಲ. ಮುಂದೆ ತರಬೇತುದಾರನ ಕೆಲಸವನ್ನೂ ಯಾರೂ ಕೊಡಲಾರರು ಎಂದನು. ಬೇರೆ ಆಟಗಾರರಿಗೆ ಅನುಕೂಲವಾಗುವುದೇ ಎಂದು ಫ್ಲಡ್ಡನು ಕೇಳಿದನು. ಆಗುವುದೆಂದು ಉತ್ತರ ಬಂದಿತು. ಅದೇ ಡಿಸೆಂಬರಿನಲ್ಲಿ ಕಮಿಷನರ್ ಬೋವಿ ಕ್ಯೂನ್ ಅವರಿಗೆ ಆತನು ಪತ್ರ ಬರೆದು, ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ತಿಳಿಸಿದನು. ಕಮಿಷನರರ ಮರುತ್ತರ ಸೊಗಸಾಗಿದೆ: ಮನುಷ್ಯನು ಸ್ವತ್ತಲ್ಲವೆಂಬುದನ್ನು ಅವರೂ ಒಪ್ಪುತ್ತಾರೆ, ಆ ಮಾತಿಗೂ ಈ ಸಂದರ್ಭಕ್ಕೂ ಏನು ಸಂಬಂಧವೆಂಬುದು ಮಾತ್ರ ಅವರಿಗೆ ಕಾಣದು! ಇತ್ತ ಕಾರ್ಡಿನಲ್ಸ್ ತಂಡವು ಲೆಕ್ಕ ಸರಿದೂಗಿಸಲು ಫ್ಲಡ್ಡನ ಬದಲಿಗೆ ಬೇರೆ ಆಟಗಾರರನ್ನು ಫಿಲಡೆಲ್ಫಿಯಕ್ಕೆ ಕಳುಹಿಸಿಕೊಟ್ಟಿತು.

ತೊಂಬತ್ತು ಸಾವಿರ ಪಡೆಯುವವನು ಗುಲಾಮನೇ ಎಂದು ದೂರದರ್ಶನದ ಸಂದರ್ಶಕನೊಬ್ಬನು ಕೇಳಿದಾಗ, ಸಂಬಳ ಎಷ್ಟೇ ಇರಲಿ ಗುಲಾಮನು ಗುಲಾಮನೇ ಎಂದು ಆತನು ಉತ್ತರಿಸಿದನು. ಆ ಮಾತು ಜನರನ್ನು ಕೆರಳಿಸಿತು. ನಿಂದೆಯ ಪತ್ರಗಳು ರಾಶಿರಾಶಿಯಾಗಿ ಬಂದವು. ಕನ್ನಡಿಗರಿಗೆ ಈ ಉತ್ತರ ಅಷ್ಟು ವಿಚಿತ್ರವೆನಿಸಬಾರದು. ನಮ್ಮ ‘ಜೀತ’ವೆಂಬ ಶಬ್ದವು ‘ಜೀವಿತ’ದ ತದ್ಭವ, ಅದರ ಹಳೆಯ ಅರ್ಥ ಸಂಬಳವೆಂದೇ. ಸಂಬಳದ ಹೆಸರೇ ದಾಸ್ಯದ ಹೆಸರಾದುದನ್ನು ನಮ್ಮ ಭಾಷೆ ಬಹುಕಾಲದಿಂದ ಬಲ್ಲದು.

1970ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ಬೇಸ್‌ಬಾಲಿನ ವರ್ಣನಿಷೇಧವನ್ನು ಮುರಿದಿದ್ದ ಜಾಕಿ ರಾಬಿನ್‌ಸನ್ ಬಂದು ಫ್ಲಡ್ಡನ ಪರವಾಗಿ ಸಾಕ್ಷ್ಯ ನುಡಿದನು. ಆದರೆ ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬನೂ ಆ ಕಡೆ ಸುಳಿಯಲಿಲ್ಲ. ಸಂಘದ ಪ್ರತಿನಿಧಿಗಳು ಬೆಂಬಲದ ನಿರ್ಣಯಕ್ಕೆ ಒಮ್ಮತದಿಂದ ಕೈಯೆತ್ತಿದ್ದರು, ನಿಜ. ಕೈಯೆತ್ತುವುದಕ್ಕೂ ಮಾಲೀಕರ ಕಣ್ಣಿಗೆ ಬೀಳುವಂತೆ ನ್ಯಾಯಾಲಯದ ಬೆಂಚಿನ ಮೇಲೆ ಕೂಡುವುದಕ್ಕೂ ಅಂತರವಿದೆಯಷ್ಟೆ.

ಕೆಳಗೆ ಸೋತ ಮೊಕದ್ದಮೆ 1972ರ ಜೂನಿನಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ 5–3ರಿಂದ ಸೋತಿತು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ನರು ಬರೆದ ತೀರ್ಪು ಒಂದು ವಿಲಕ್ಷಣ ಕೃತಿ. ಮೊದಲಿಗೆ ಆಟದ ಇತಿಹಾಸದ ಸ್ತುತಿ. ಎಂಬತ್ತಕ್ಕೂ ಮಿಕ್ಕಿದ ಹಳೆಯ ಆಟಗಾರರ ನಾಮಾವಳಿ! ಬಹುಮತದ ಪಕ್ಷದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳೇ ಈ ಭಾಗಕ್ಕೆ ತಮ್ಮ ಹೆಸರು ಸೇರಿಸಲೊಪ್ಪಲಿಲ್ಲ. ತರುವಾಯ, ಬೇಸ್‌ಬಾಲಿಗೆ ಇರುವ ವಿನಾಯಿತಿ ಅಸಂಗತವೆಂದು ಅವರೇ ಒಪ್ಪಿ, ಅದನ್ನು ತಿದ್ದುವ ಹೊಣೆಯನ್ನು ಶಾಸನಸಭೆಗೆ ಬಿಟ್ಟುಬಿಟ್ಟರು. ತಪ್ಪೆಂದು ಒಪ್ಪಿದ ತಪ್ಪನ್ನು ಹಳೆಯದೆಂಬ ಕಾರಣಕ್ಕೆ ಉಳಿಸಿಕೊಂಡ ಈ ತರ್ಕವು ನನ್ನನ್ನಂತೂ ಒಪ್ಪಿಸಲಾರದು.

ಅಷ್ಟರಲ್ಲಿ ಫ್ಲಡ್ಡನ ಆಟ ಮುಗಿದಿತ್ತು. 1970ರ ಋತುವನ್ನು ಆತನು ಪೂರ್ತಿಯಾಗಿ ಬಿಟ್ಟಿದ್ದನು. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದರೂ ಕಾಲು ಕಣ್ಣುಗಳು ಮೊದಲಿನಂತೆ ಮಾತು ಕೇಳಲಿಲ್ಲ. ಹದಿಮೂರು ಪಂದ್ಯಗಳಾದ ಮೇಲೆ ಒಂದು ತಂತಿ ಕಳುಹಿಸಿ ದೇಶವನ್ನೇ ಬಿಟ್ಟು ಹೊರಟು, ಸ್ಪೇನಿನ ಮಜೋರ್ಕ ದ್ವೀಪದಲ್ಲಿ ಪಾನಗೃಹವೊಂದನ್ನು ನಡೆಸಿದನು. ಕುಡಿತವೂ ಸಾಲವೂ ಜೊತೆಗೂಡಿದವು.

ಮಿಲ್ಲರನ ಭವಿಷ್ಯವಾಣಿ ಅಕ್ಷರಶಃ ನಿಜವಾಯಿತು. ಫಲ ಇತರರಿಗೆ ದೊರೆಯಿತು. ಮೊಕದ್ದಮೆ ನಡೆಯುತ್ತಿರುವಾಗಲೇ, 1970ರಲ್ಲಿ, ವ್ಯಾಜ್ಯಗಳನ್ನು ನಿಷ್ಪಕ್ಷಪಾತಿಯಾದ ಮಧ್ಯಸ್ಥನಿಗೆ ಒಪ್ಪಿಸಲು ಮಾಲೀಕರು ಒಪ್ಪಿಕೊಂಡಿದ್ದರು. 1973ರಲ್ಲಿ, ಹತ್ತು ವರ್ಷ ಆಡಿ, ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನನ್ನು ಆತನ ಒಪ್ಪಿಗೆಯಿಲ್ಲದೆ ಸಾಗಹಾಕಕೂಡದೆಂಬ ನಿಯಮ ಬಂದಿತು. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. 1975ರ ಡಿಸೆಂಬರಿನಲ್ಲಿ ಮಧ್ಯಸ್ಥ ಪೀಟರ್ ಸೈಟ್ಸನು, ಒಂದು ವರ್ಷವೆಂದರೆ ಒಂದೇ ವರ್ಷ ಎಂದು ಷರತ್ತಿಗೆ ಅರ್ಥ ಹೇಳಿ, ರುಜುವಿಲ್ಲದೆ ಆಡಿದ್ದ ಮೆಸ್ಸರ್‌ಸ್ಮಿತ್, ಮೆಕ್‌ನಾಲಿ ಎಂಬಿಬ್ಬರನ್ನು ಬಿಡುಗಡೆಗೊಳಿಸಿದನು. ಆ ಮೇಲೆ ಸಂಬಳಗಳು ಏರಿದ ಬಗೆಯನ್ನು ಹೇಳುವುದೇ ಬೇಡ. 1992ರ ಹೊತ್ತಿಗೆ ಸರಾಸರಿಯೇ ಹತ್ತು ಲಕ್ಷ ಡಾಲರುಗಳನ್ನು ದಾಟಿತ್ತು.

ಕರ್ಟ್ ಫ್ಲಡ್ಡನು 1997ರ ಜನವರಿ 20ರಂದು, ಗಂಟಲಿನ ಕ್ಯಾನ್ಸರಿನಿಂದ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಸುಪ್ರೀಂ ಕೋರ್ಟು ಶಾಸನಸಭೆಗೆ ಬಿಟ್ಟಿದ್ದ ಆ ಕೆಲಸ ಮುಗಿದದ್ದು 1998ರ ಅಕ್ಟೋಬರಿನಲ್ಲಿ. ಪ್ರಮುಖ ಲೀಗುಗಳ ಆಟಗಾರರಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ರಕ್ಷಣೆ ಕೊಟ್ಟ ಆ ಶಾಸನಕ್ಕೆ ಕರ್ಟ್ ಫ್ಲಡ್ ಕಾಯಿದೆ ಎಂದೇ ಹೆಸರಿಟ್ಟರು. ಅಧ್ಯಕ್ಷ ಕ್ಲಿಂಟನ್ ಅದಕ್ಕೆ ರುಜು ಹಾಕುವ ವೇಳೆಗೆ ಆತನು ಸತ್ತು ಇಪ್ಪತ್ತೊಂದು ತಿಂಗಳುಗಳಾಗಿದ್ದವು.