48 ಮತಗಳ ಗೆಲುವು, 15,161 ನೋಟಾ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಮುಂಬಯಿ ಕನ್ನಡಿಗರ ನಡುವೆ ಕೇಳಿಬರುವ ಒಂದು ಮಾತಿಗೆ ನನ್ನ ಬಲವಾದ ಆಕ್ಷೇಪವಿದೆ. ‘ನಿಂತವರಲ್ಲಿ ಒಬ್ಬರೂ ಸರಿಯಿಲ್ಲ. ನೋಟಾ (ಮೇಲಿನ ಯಾರೂ ಅಲ್ಲ ಎಂಬ ಗುಂಡಿ) ಒತ್ತಿ ಬರುವುದು, ಇಲ್ಲವೇ ರಜೆಯೆಂದು ಊರಿಗೆ ಹೋಗಿಬಿಡುವುದು’ ಎಂಬ ಮಾತು. ಸಂಘದ ಸಭೆಯಲ್ಲಿ, ಲೋಕಲ್ ರೈಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಇದನ್ನು ಹೇಳುವವರು ಓದಿದವರು, ತಿಳಿದವರು. ಕೊಳಕು ನಮಗೆ ಅಂಟಲಿಲ್ಲ ಎಂಬ ಸಮಾಧಾನ ಅವರ ದನಿಯಲ್ಲಿರುತ್ತದೆ. ಆ ಸಮಾಧಾನ ಎಷ್ಟು ಹುಸಿ ಎಂದು ತಿಳಿಯಲು ನಾನು ಮತ ಹಾಕುವ ವಾಯವ್ಯ ಮುಂಬಯಿ ಲೋಕಸಭಾ ಕ್ಷೇತ್ರವೊಂದೇ ಸಾಕು.

2024ರ ಮೇ 20ರಂದು ಇಲ್ಲಿ ಮತದಾನವಾಯಿತು. ಇಬ್ಭಾಗವಾದ ಶಿವಸೇನೆಯ ಏಕನಾಥ ಶಿಂದೆ ಬಣದಿಂದ ರವೀಂದ್ರ ವಾಯ್ಕರ್, ಉದ್ಧವ್ ಠಾಕ್ರೆ ಬಣದಿಂದ ಅಮೋಲ್ ಕೀರ್ತಿಕರ್ ಕಣದಲ್ಲಿದ್ದರು. ವಾಯ್ಕರ್ ಅದೇ ವರ್ಷದ ಮಾರ್ಚ್‌ವರೆಗೆ ಉದ್ಧವ್ ಅವರ ಜೊತೆಗಿದ್ದವರು. ಅಮೋಲ್ ಅವರ ತಂದೆ, ಆಗಿನ ಸಂಸದ ಗಜಾನನ ಕೀರ್ತಿಕರ್, ಶಿಂದೆ ಬಣದಲ್ಲಿದ್ದರು. ಇಬ್ಬರೂ ಅಭ್ಯರ್ಥಿಗಳ ಹೆಸರು ಜಾರಿ ನಿರ್ದೇಶನಾಲಯದ ತನಿಖೆಗಳಲ್ಲಿ ಕೇಳಿಬಂದಿತ್ತು. ಆರೋಪ ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ನಿಜ. ಆದರೆ ಯಾವ ಸೇನೆ, ಯಾವ ತತ್ವ, ಯಾರ ನಿಷ್ಠೆ ಯಾರಿಗೆ ಎಂದು ಮತದಾರನಿಗೆ ಬೇಸರ ಬಂದದ್ದೂ ಅಷ್ಟೇ ನಿಜ.

ಮತಯಂತ್ರಗಳ ಎಣಿಕೆ ಮುಗಿದಾಗ ಕೀರ್ತಿಕರ್ ಅವರಿಗೆ 4,51,095, ವಾಯ್ಕರ್ ಅವರಿಗೆ 4,51,094. ಒಂದೇ ಒಂದು ಮತದ ಅಂತರ! ಅಂಚೆ ಮತಗಳು ಸೇರಿದ ಮೇಲೆ ವಾಯ್ಕರ್ 48 ಮತಗಳಿಂದ ಗೆದ್ದರು. ಫಲಿತಾಂಶದ ವಿವಾದ ಬಾಂಬೆ ಹೈಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಕೀರ್ತಿಕರ್ ಅವರ ಅರ್ಜಿ ವಜಾ ಆಯಿತು. ಇದೇ ಕ್ಷೇತ್ರದಲ್ಲಿ ನೋಟಾಕ್ಕೆ ಬಿದ್ದದ್ದು 15,161.

ಗೆದ್ದವರು ಲೇಸೋ ಸೋತವರು ಲೇಸೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಈ 15,161 ಮಂದಿಯಲ್ಲಿ ಇಬ್ಬರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದವರು ಎಷ್ಟು ಜನ ಇದ್ದಾರು? ಇಬ್ಬರೂ ಹಿಡಿಸದಿದ್ದರೂ ‘ಇವರಿಗಿಂತ ಅವರು ವಾಸಿ’ ಎಂದು ಬಹುಪಾಲು ಜನರಿಗೆ ಒಳಗೊಳಗೇ ಅನಿಸಿಯೇ ಇರುತ್ತದೆ. ಅವರಲ್ಲಿ ಐವತ್ತು ಮಂದಿ ಆ ಅನಿಸಿಕೆಯನ್ನು ಗುಂಡಿಯವರೆಗೆ ತಂದಿದ್ದರೂ ಫಲಿತಾಂಶ ಬದಲಾಗಬಹುದಿತ್ತು, ಇಲ್ಲವೇ ಗೆಲುವು ತಕರಾರಿಲ್ಲದಷ್ಟು ಗಟ್ಟಿಯಾಗಬಹುದಿತ್ತು. ಊರಿಗೆ ಹೋದವರ ಲೆಕ್ಕ ಬೇರೆ. ಉಡುಪಿ, ಮಂಗಳೂರು ಕಡೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಮೇ ತಿಂಗಳಲ್ಲಿ ಕೋಲ, ಬ್ರಹ್ಮಕಲಶ, ಮದುವೆಗಳೆಂದು ನಮ್ಮ ಎಷ್ಟೋ ಕುಟುಂಬಗಳು ಅಲ್ಲೇ ಇದ್ದವು. ಮುಂಬಯಿಯ ಮತದಾನದ ದಿನಾಂಕ ಪ್ರಕಟವಾದದ್ದು ಮಾರ್ಚ್ 16ರಂದು. ಆಗ ರೈಲು ಟಿಕೆಟ್ 120 ದಿನ ಮೊದಲೇ ಸಿಗುತ್ತಿದ್ದುದರಿಂದ ಹಲವರು ಅದಾಗಲೇ ಕಾದಿರಿಸಿ ಆಗಿತ್ತು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮತ ಹಾಕಿ ಮಾರನೆಯ ದಿನ ಹೊರಡಬಹುದಾಗಿದ್ದೂ ಹೋದವರನ್ನು ಮಾತ್ರ ನಾನು ಒಪ್ಪಲಾರೆ.

ಬೆರಳೆಣಿಕೆಯ ಮತಗಳೇ ಗೆಲುವನ್ನು ನಿರ್ಧರಿಸಬಹುದು ಎಂಬುದು ಊರಿನವರಿಗೂ ಹೊಸ ಪಾಠವೇನಲ್ಲ. 2004ರಲ್ಲಿ ಕರ್ನಾಟಕದ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದು ಮತದಿಂದ. 2016ರಲ್ಲಿ ಕೇರಳದ ಮಂಜೇಶ್ವರದಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಮತಗಳಿಂದ. ಮಂಜೇಶ್ವರದ ಎಷ್ಟು ಮನೆಗಳ ಮಕ್ಕಳು ಈ ಮುಂಬಯಿಯಲ್ಲಿದ್ದಾರೆಂದು ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ನೋಟಾವನ್ನು ನಾನು ಹೀಗಳೆಯುತ್ತಿಲ್ಲ. ಅದಕ್ಕೆ ಮೊದಲು ಯಾರಿಗೂ ಮತ ಕೊಡಲೊಲ್ಲದವನು ಮತಗಟ್ಟೆ ಅಧಿಕಾರಿಯ ಎದುರೇ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಅವನ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸಿ ನೋಟಾ ಗುಂಡಿ ಕೊಡಿಸಿತು. ದೊಡ್ಡ ಉಪಕಾರವೇ. ಆದರೆ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಆ ಗುಂಡಿಗೆ ಫಲಿತಾಂಶವನ್ನು ತಡೆಯುವ ಶಕ್ತಿಯಿಲ್ಲ. ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅದರ ಕೆಳಗಿನ ಅಭ್ಯರ್ಥಿಯೇ ಗೆದ್ದಂತೆ. 2022ರ ನವೆಂಬರ್‌ನಲ್ಲಿ ನಮ್ಮದೇ ಅಂಧೇರಿ ಪೂರ್ವದ ಉಪಚುನಾವಣೆಯಲ್ಲಿ, ಬಿಜೆಪಿ ಅಭ್ಯರ್ಥಿ ಹಿಂದೆ ಸರಿದ ಮೇಲೆ, ಋತುಜಾ ಲಟ್ಕೆ 66,530 ಮತ ಪಡೆದು ಗೆದ್ದರು. ಎರಡನೆಯ ಸ್ಥಾನ 12,806 ಮತ ಪಡೆದ ನೋಟಾದ್ದು. ಅದರಿಂದ ಯಾವ ಪಕ್ಷ ಏನು ಕಲಿಯಿತು? ಒಂದೂವರೆ ವರ್ಷದ ನಂತರ ಅದೇ ಅಂಧೇರಿ ಪೂರ್ವ ಸೇರಿದ ಲೋಕಸಭಾ ಕ್ಷೇತ್ರಕ್ಕೆ ಪಕ್ಷಗಳು ಯಾರನ್ನು ನಿಲ್ಲಿಸಿದವೆಂದು ಮೇಲೆಯೇ ಹೇಳಿದ್ದೇನೆ.

ಹಾಗಾದರೆ ಗುಂಡಿಗೆ ಬಲ ಕೊಡಿ ಎಂದು ಕೇಳೋಣ. ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ ಆ ಹೆಜ್ಜೆ ಇಟ್ಟಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ನೋಟಾಕ್ಕೆ ಅತಿ ಹೆಚ್ಚು ಮತ ಬಂದರೆ ಮರುಚುನಾವಣೆ ಎಂದು 2018ರಲ್ಲಿ ಅದು ಆದೇಶಿಸಿತು. ಕಾರ್ಪೊರೇಷನ್ ಚುನಾವಣೆಗೆ ಒಂದು ಬೆಲೆ, ಸಂಸತ್ತಿಗೆ ಇನ್ನೊಂದು ಬೆಲೆ ಏಕೆ? ಇಂಥದೇ ಕೋರಿಕೆಯ ಅರ್ಜಿಯ ಮೇಲೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಆಯೋಗಕ್ಕೆ ನೋಟಿಸ್ ನೀಡಿತು. ಆ ವರ್ಷವೇ ಸೂರತ್‌ನಲ್ಲಿ ಎದುರಾಳಿಗಳೇ ಉಳಿಯದೆ ಒಬ್ಬರು ಅವಿರೋಧವಾಗಿ ಸಂಸದರಾದಾಗ, ಅಲ್ಲಿನ ಮತದಾರರಿಗೆ ನೋಟಾ ಒತ್ತುವ ಅವಕಾಶವೂ ಸಿಗಲಿಲ್ಲ. ಇದು ಅನ್ಯಾಯ. ಕಣದಲ್ಲಿ ಒಬ್ಬನೇ ಉಳಿದರೂ ನೋಟಾದ ಎದುರು ಅವನು ಗೆದ್ದು ಬರಬೇಕು.

ಆ ತಿದ್ದುಪಡಿ ಬರುವವರೆಗೆ ಏನು ಮಾಡಬೇಕು? ನಿಂತವರಲ್ಲೇ ಒಬ್ಬರನ್ನು ಆರಿಸಬೇಕು. ‘ರಾಮ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ’ ಎಂಬ ಗಾದೆಯನ್ನು ಮುಂದಿಡುವವರಿಗೆ ನನ್ನದೊಂದು ಉತ್ತರ. 2022ರ ಮಾರ್ಚ್ 7ಕ್ಕೆ ಮುಂಬಯಿ ಮಹಾನಗರಪಾಲಿಕೆಯ ಅವಧಿ ಮುಗಿದ ಮೇಲೆ 2026ರ ಜನವರಿ 15ರ ಚುನಾವಣೆಯವರೆಗೆ 227 ವಾರ್ಡುಗಳಲ್ಲಿ ಒಬ್ಬನೇ ಒಬ್ಬ ನಗರಸೇವಕ ಇರಲಿಲ್ಲ. ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ಇತ್ತು. 2025-26ರ ಬಜೆಟ್ 74,427 ಕೋಟಿ ರೂಪಾಯಿ. ಅದನ್ನು ಮಂಡಿಸಿದಾಗ ಪ್ರಶ್ನಿಸಲು ಸಭಾಗೃಹದಲ್ಲಿ ನಾವು ಆರಿಸಿದ ಒಂದು ದನಿಯೂ ಇರಲಿಲ್ಲ. ನಾಲೆ ತುಂಬಿದಾಗ, ನಲ್ಲಿಯಲ್ಲಿ ನೀರು ಬಾರದಾಗ ಯಾರ ಬಾಗಿಲಿಗೆ ಹೋಗಿ ಜಗಳವಾಡಬೇಕೆಂದು ಜನರಿಗೆ ತಿಳಿಯದಾಯಿತು. ‘ಯಾರೂ ಬೇಡ’ ಎಂದರೆ ಹೇಗಿರುತ್ತದೆಂದು ಈ ನಗರ ಹತ್ತಿರಹತ್ತಿರ ನಾಲ್ಕು ವರ್ಷ ಅನುಭವಿಸಿದೆ. ನನಗೆ ಹಿಡಿಸದ ನಗರಸೇವಕನೂ ಅದಕ್ಕಿಂತ ಮೇಲು, ಏಕೆಂದರೆ ಅವನು ಐದು ವರ್ಷಕ್ಕೊಮ್ಮೆ ನನ್ನ ಬಾಗಿಲಿಗೆ ಬರಲೇಬೇಕು.

ಮೆಚ್ಚುಗೆ ಇಲ್ಲದೆಯೂ ಅಭ್ಯರ್ಥಿಗಳನ್ನು ತೂಗಿ ನೋಡಬಹುದು. ಹೋಟೆಲ್ ನಡೆಸಿದ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು: ಅಡುಗೆಭಟ್ಟರು ಬಿಟ್ಟುಹೋದ ದಿನ ಮನಮೆಚ್ಚಿದ ಭಟ್ಟರೇ ಸಿಗುವವರೆಗೆ ಯಾರೂ ಬಾಗಿಲು ಮುಚ್ಚಿ ಕೂರುವುದಿಲ್ಲ, ಬಂದವರಲ್ಲಿ ಕೈ ಶುದ್ಧ, ಕೆಲಸ ಬಲ್ಲವರು ಯಾರೆಂದು ನೋಡುತ್ತಾರೆ. ಅಭ್ಯರ್ಥಿಯ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿರುತ್ತದೆ. ಹಿಂದೆ ಶಾಸಕರೋ ನಗರಸೇವಕರೋ ಆಗಿದ್ದರೆ ಅವರ ಹಾಜರಿ, ಕೇಳಿದ ಪ್ರಶ್ನೆಗಳ ವಿವರವನ್ನು ಮುಂಬಯಿಯ ಪ್ರಜಾ ಫೌಂಡೇಶನ್ ವರದಿಗಳಲ್ಲಿ ಕೊಡುತ್ತ ಬಂದಿದೆ. ಇವನ್ನು ಓದಿದ ಮೇಲೂ ‘ಎಲ್ಲರೂ ಒಂದೇ’ ಎನ್ನುವವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಓದದೆ ಹೇಳುವವರದು ಬರೀ ಸೋಮಾರಿತನ.

ಹೀಗೆ ತೂಗಿ ನೋಡಿದ್ದಕ್ಕೆ ಹೊರಗಿನದೊಂದು ಉದಾಹರಣೆ ಇದೆ. 2002ರಲ್ಲಿ ಫ್ರಾನ್ಸಿನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ 16 ಅಭ್ಯರ್ಥಿಗಳ ನಡುವೆ ಮತ ಹಂಚಿಹೋಗಿ ಸಮಾಜವಾದಿ ಜೋಸ್ಪಾನ್ ಹೊರಬಿದ್ದರು. ಉಳಿದವರು ಆಗಿನ ಅಧ್ಯಕ್ಷ ಶಿರಾಕ್ ಮತ್ತು ಉಗ್ರ ಬಲಪಂಥದ ಲ ಪೆನ್. ಶಿರಾಕ್ ಅವರನ್ನು ಅಲ್ಲಿಯವರೆಗೆ ವಿರೋಧಿಸುತ್ತ ಬಂದಿದ್ದ ಎಡಪಂಥೀಯರು ಎರಡನೆಯ ಸುತ್ತಿನಲ್ಲಿ ಸಾಲುಗಟ್ಟಿ ನಿಂತು ಅವರಿಗೇ ಮತ ಕೊಟ್ಟರು. ಶಿರಾಕ್‌ಗೆ ನೂರಕ್ಕೆ 82ರಷ್ಟು ಮತ ಬಂತು. ಮತ ಕೊಟ್ಟವರಲ್ಲಿ ಎಷ್ಟೋ ಜನರಿಗೆ ಆ ಮನುಷ್ಯ ಇಷ್ಟವಿರಲಿಲ್ಲ. ಆದರೆ ಇನ್ನೊಬ್ಬರು ಬಂದರೆ ಏನಾಗುತ್ತದೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ನಿಮ್ಮಲ್ಲಿ ಮತ್ತು ನಗರದ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ಪ್ರಮಾಣಪತ್ರಗಳು ಮರಾಠಿ, ಇಂಗ್ಲಿಷ್‌ನಲ್ಲಿ ಇರುವುದರಿಂದ ನಮ್ಮ ಹಿರಿಯರಲ್ಲಿ ಅನೇಕರು ಅವನ್ನು ಓದುವುದೇ ಇಲ್ಲ. ಮುಂದಿನ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯುವ ದಿನ ಮುಗಿದ ಕೂಡಲೇ ಕನ್ನಡಿಗರು ಹೆಚ್ಚಿರುವ ಕ್ಷೇತ್ರಗಳ ಪ್ರಮುಖ ಅಭ್ಯರ್ಥಿಗಳ ಪ್ರಮಾಣಪತ್ರದ ಸಾರವನ್ನು ಕನ್ನಡದಲ್ಲಿ ಪ್ರಕಟಿಸಿ. ಸಂಘಗಳು ಅದನ್ನು ತಮ್ಮ ಫಲಕದಲ್ಲಿ ಹಾಕಲಿ, ಮತದಾನದ ವಾರದಲ್ಲಿ ಊರಿನ ಪ್ರವಾಸಗಳನ್ನು ಇಟ್ಟುಕೊಳ್ಳದಿರಲಿ.

ಇತಿ,
ನಿಮ್ಮ ಓದುಗ,
ಗೋರೆಗಾಂವ್ ಪೂರ್ವ, ಮುಂಬಯಿ