ಕಟ್ಟಡವೂ ಪಾಠ ಹೇಳುತ್ತದೆ

ಮನೆತನದಲ್ಲೇ ಮೊದಲನೆಯವಳಾಗಿ ಪದವಿ ಓದಲು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳನ್ನು ನೆನೆಯಿರಿ. ವಿಶ್ವವಿದ್ಯಾಲಯದ ಆಡಳಿತ ಭವನದ ಮುಂದೆ ನಿಂತಿದ್ದಾಳೆ. ಎದುರಿಗೆ ಎತ್ತರದ ಮೆಟ್ಟಿಲು, ದಪ್ಪ ಕಂಬ, ಸಾಹೇಬರ ಕಾರಿಗಷ್ಟೇ ನೆರಳು. ಅವಳ ಅರ್ಜಿ ಕೊಡಬೇಕಾದುದು ಪಕ್ಕದ ಗೋಡೆಯ ಸಣ್ಣ ಕಿಂಡಿಯಲ್ಲಿ. ಬಗ್ಗದಿದ್ದರೆ ಒಳಗಿನವರ ಮುಖ ಕಾಣದು. ತರಗತಿ ಇನ್ನೂ ಶುರುವಾಗಿಲ್ಲ. ಆದರೆ 'ನೀನು ಬೇಡುವವಳು, ನಾವು ಕೊಡುವವರು' ಎಂಬ ಮೊದಲ ಪಾಠ ಆಗಲೇ ಮುಗಿದಿದೆ.

ಕಟ್ಟಡ ಮೂಕವಲ್ಲ. ಯಾರು ಮೇಲೆ, ಯಾರು ಕೆಳಗೆ, ಯಾರು ಕೂರಬೇಕು, ಯಾರು ಕಾಯಬೇಕು ಎಂಬುದನ್ನು ಅದು ದಿನವೂ ಹೇಳುತ್ತದೆ. ದಿನವೂ ಕೇಳಿಸಿಕೊಂಡ ವಿದ್ಯಾರ್ಥಿ ಅದನ್ನೇ ತನ್ನ ಸ್ವಭಾವವೆಂದು ನಂಬುತ್ತಾನೆ.

ಬೇರೆ ಬಗೆಯಲ್ಲೂ ಕಟ್ಟಬಹುದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ನೋಡಿ. ಇದನ್ನು ರೂಪಿಸಿದವರು 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿ. ಫತೇಪುರ ಸಿಕ್ರಿಯ ಅಂಗಳಗಳು ಅವರಿಗೆ ಪ್ರೇರಣೆ. ಇಲ್ಲಿ ಕಲ್ಲಿನ ಗೋಡೆಗಳ ನಡುವೆ ಉದ್ದನೆಯ ಪಡಸಾಲೆಗಳಿವೆ. ಕೆಲವೆಡೆ ಮಾಡು ಮುಚ್ಚಿದೆ, ಕೆಲವೆಡೆ ತೊಲೆಗಳ ಸಂದಿನಿಂದ ಬಿಸಿಲು ಇಳಿಯುತ್ತದೆ. ಪಡಸಾಲೆ ಬರೀ ದಾರಿಯಲ್ಲ. ತರಗತಿ ಮುಗಿದ ಮೇಲೂ ಗುರು ಶಿಷ್ಯರು ನಿಂತು ಮಾತು ಮುಂದುವರಿಸುವ ಜಾಗ.

ಅದು ಹಣವುಳ್ಳ ಸಂಸ್ಥೆ, ಅದರ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ ಎನ್ನಬಹುದು. ನಿಜ. ಕಟ್ಟಡವೊಂದೇ ಸಮಾನತೆ ತಾರದು. ಆದರೆ ಮರದ ಕೆಳಗೊಂದು ಕಟ್ಟೆ, ಬಗ್ಗದೆ ಮಾತಾಡಬಹುದಾದ ಕೌಂಟರು, ಹೆಣ್ಣುಮಕ್ಕಳಿಗೆ ಹತ್ತಿರದಲ್ಲೇ ಶುಚಿಯಾದ ಶೌಚಾಲಯ, ಇವಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಶಿಕ್ಷಣ ಸಂಸ್ಥೆಗಳ ಕಟ್ಟಡ ಅಂಗವಿಕಲರಿಗೂ ಸುಗಮವಾಗಿರಬೇಕೆಂದು 2016ರ ಕಾಯ್ದೆಯೇ ಹೇಳುತ್ತದೆ. ಗಾಲಿಕುರ್ಚಿಯ ಇಳಿಜಾರನ್ನು ಹಿಂಬಾಗಿಲಲ್ಲಿ ಕಟ್ಟಿ ಕೈತೊಳೆದುಕೊಂಡರೆ ಲೆಕ್ಕ ಸರಿಹೋದೀತು. ಆ ವಿದ್ಯಾರ್ಥಿಯ ಗೌರವ ಉಳಿಯದು.

ನಮ್ಮ ಮಠಗಳೂ ಭಕ್ತರೂ ಸೇರಿ ಅನೇಕ ಕಾಲೇಜುಗಳನ್ನು ಕಟ್ಟಿದ್ದಾರೆ, ಈಗಲೂ ಕಟ್ಟುತ್ತಿದ್ದಾರೆ. ನಕ್ಷೆಗೆ ಸಹಿ ಹಾಕುವ ಮುನ್ನ ಆಡಳಿತ ಮಂಡಳಿಯವರು ಕಸ ಗುಡಿಸುವವರನ್ನೂ ವಿದ್ಯಾರ್ಥಿನಿಯರನ್ನೂ ಕೂರಿಸಿಕೊಂಡು ಒಮ್ಮೆ ಕೇಳಲಿ: ಇಲ್ಲಿ ನೀವು ಎಲ್ಲಿ ಕೂರುತ್ತೀರಿ? ವೇದಿಕೆಯ ಮೇಲೆ ನಿಂತು ಸಮಾನತೆ ಸಾರುವ ನಾವು ಆ ವೇದಿಕೆಯ ಎತ್ತರವನ್ನೂ ಅಳೆದು ನೋಡಬೇಕು.